ರೈಲು ಹತ್ತಿದ ಲಾರಿ ಮತ್ತು ನಮ್ಮ ಕೆಲಸದ ಪ್ರಶ್ನೆ

ಲಾರಿ ರೈಲು ಹತ್ತುವುದನ್ನು ನೋಡಿದ್ದೀರಾ? ಕರಾವಳಿಯವರಿಗೆ ಇದೇನೂ ಹೊಸತಲ್ಲ. ಸುರತ್ಕಲ್ ರೈಲು ನಿಲ್ದಾಣದಲ್ಲಿ ಸರಕು ತುಂಬಿದ ಲಾರಿಗಳು ಸಾಲಾಗಿ ನಿಂತಿರುತ್ತವೆ. ಸರದಿ ಬಂದಾಗ ಒಂದೊಂದೇ ಲಾರಿ ಇಳಿಜಾರಿನ ಕಟ್ಟೆ ಹತ್ತಿ, ತಟ್ಟೆಯಂತೆ ಚಪ್ಪಟೆಯಾಗಿರುವ ವ್ಯಾಗನ್‌ಗಳ ಮೇಲೆ ಮುಂದಕ್ಕೆ ಹೋಗಿ ನಿಲ್ಲುತ್ತದೆ. ಚಕ್ರಗಳಿಗೆ ಅಡ್ಡ ಕೊಟ್ಟು ಬಿಗಿ ಮಾಡುತ್ತಾರೆ. ರೈಲು ಹೊರಡುತ್ತದೆ. ಡ್ರೈವರ್ ಮತ್ತು ಕ್ಲೀನರ್ ತಮ್ಮ ಲಾರಿಯ ಜೊತೆಗೇ ಪ್ರಯಾಣ ಮಾಡುತ್ತಾರೆ. ಸುಮಾರು 720 ಕಿ.ಮೀ. ದೂರದ ಮಹಾರಾಷ್ಟ್ರದ ಕೋಲಾಡ್‌ನಲ್ಲಿ ಲಾರಿಗಳು ಕೆಳಗಿಳಿದು, ತಮ್ಮದೇ ಚಕ್ರಗಳ ಮೇಲೆ ಮುಂಬೈ, ಪುಣೆ, ಗುಜರಾತಿನ ದಾರಿ ಹಿಡಿಯುತ್ತವೆ.

ಇದಕ್ಕೆ ರೋ-ರೋ ಎಂದು ಹೆಸರು. ಕೊಂಕಣ ರೈಲ್ವೆ 1999ರಲ್ಲಿ ಕೋಲಾಡ್ ಮತ್ತು ಗೋವಾದ ವೆರ್ಣಾ ನಡುವೆ ಇದನ್ನು ಆರಂಭಿಸಿತು. 2004ರಲ್ಲಿ ಸುರತ್ಕಲ್‌ವರೆಗೆ ವಿಸ್ತರಿಸಿತು. 2020ರ ಆಗಸ್ಟ್‌ನಲ್ಲಿ ಬೆಂಗಳೂರು ಹತ್ತಿರದ ನೆಲಮಂಗಲದಿಂದ ಸೊಲ್ಲಾಪುರ ಸಮೀಪದ ಬಾಳೆಗೂ ಇಂಥದೊಂದು ರೈಲು ಹೊರಟಿತು.

ಓಡಬಲ್ಲ ಲಾರಿಯನ್ನು ದುಡ್ಡು ಕೊಟ್ಟು ರೈಲಿನ ಮೇಲೇಕೆ ಹೊರಿಸಬೇಕು ಎಂದು ಮೊದಲ ಸಲ ನೋಡಿದವರಿಗೆ ಅನ್ನಿಸುವುದು ಸಹಜ. ಉತ್ತರ ಕಷ್ಟದ್ದಲ್ಲ. ಕರಾವಳಿಯ ರಸ್ತೆಯಲ್ಲಿ ಏರು, ಇಳಿತ, ತಿರುವು, ಊರೊಳಗಿನ ವಾಹನದಟ್ಟಣೆ ಎಲ್ಲವೂ ಇವೆ. ಡೀಸೆಲ್ ಉಳಿಯುತ್ತದೆ, ಟೈರ್ ಸವೆಯುವುದಿಲ್ಲ, ಡ್ರೈವರ್ ನಿದ್ದೆಗೆಡುವುದಿಲ್ಲ. ಆದರೆ ಇದಕ್ಕಿಂತ ಮುಖ್ಯವಾದ ಇನ್ನೊಂದು ಸಂಗತಿ ಇದೆ. ರಸ್ತೆಯಿಂದ ಹಳಿಗೆ, ಹಳಿಯಿಂದ ಮತ್ತೆ ರಸ್ತೆಗೆ ದಾರಿ ಎರಡು ಸಲ ಬದಲಾಯಿತು. ಲಾರಿಯೊಳಗಿನ ಒಂದು ಮೂಟೆಯನ್ನೂ ಯಾರೂ ಮುಟ್ಟಲಿಲ್ಲ.

ಎರಡು ಮೂರು ಬಗೆಯ ಸಾರಿಗೆಯನ್ನು ಜೋಡಿಸಿ ಸರಕು ಸಾಗಿಸುವುದಕ್ಕೆ ಬಹುಮಾದರಿ ಸಾಗಣೆ ಎನ್ನುತ್ತಾರೆ. ಪಠ್ಯಪುಸ್ತಕದಲ್ಲಿ ಇದು ಎರಡು ಅಂಕದ ಪ್ರಶ್ನೆ. ಹೊರಗೆ ಇದು ಲಕ್ಷಾಂತರ ಜನರ ಕೆಲಸ. ಬಿ.ಕಾಂ. ಮುಗಿಸಿ ಬೆಂಗಳೂರಿನ ಒಂದು ಸರಕು ರವಾನೆ ಕಚೇರಿಯಲ್ಲಿ ಆರು ತಿಂಗಳು ತರಬೇತಿ ಪಡೆದ ನನಗೆ ಅರ್ಥವಾದದ್ದು ಇಷ್ಟು: ಈ ವ್ಯವಹಾರದಲ್ಲಿ ಖರ್ಚು, ತಡ, ಜಗಳ ಹೆಚ್ಚಾಗಿ ಹುಟ್ಟುವುದು ದಾರಿಯಲ್ಲಲ್ಲ, ಸರಕು ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋಗುವ ಜಾಗದಲ್ಲಿ. ಕೆಲಸಗಳು ಇರುವುದೂ ಅಲ್ಲೇ.

ಒಂದು ಸಣ್ಣ ಲೆಕ್ಕ

ರೈಲು ಅಗ್ಗ, ಲಾರಿ ದುಬಾರಿ ಎಂಬ ಮಾತನ್ನು ಎಲ್ಲರೂ ಕೇಳಿದ್ದೇವೆ. ಹಾಗಿದ್ದರೆ ಎಲ್ಲ ಸರಕೂ ರೈಲಿನಲ್ಲೇ ಏಕೆ ಹೋಗುವುದಿಲ್ಲ? ಪೆನ್ನು ಹಿಡಿದು ಒಂದು ಲೆಕ್ಕ ಮಾಡೋಣ. ಇಲ್ಲಿನ ದರಗಳು ನಿಜವಾದ ದರಗಳಲ್ಲ, ತಿಳಿಯಲು ಅನುಕೂಲವಾಗಲಿ ಎಂದು ಇಟ್ಟುಕೊಂಡವು.

ಒಂದು ಟನ್ ಸರಕನ್ನು ಒಂದು ಕಿ.ಮೀ. ಸಾಗಿಸಲು ಲಾರಿಗೆ 3 ರೂಪಾಯಿ, ರೈಲಿಗೆ ಒಂದೂವರೆ ರೂಪಾಯಿ ಎಂದಿಟ್ಟುಕೊಳ್ಳಿ. ಆದರೆ ರೈಲು ನಮ್ಮ ಗೋದಾಮಿನ ಬಾಗಿಲಿಗೆ ಬರುವುದಿಲ್ಲ. ಇಲ್ಲಿಂದ ಗೂಡ್ಸ್ ಶೆಡ್‌ಗೆ ಒಂದು ಲಾರಿ, ಅಲ್ಲಿ ಇಳಿಸಿ ವ್ಯಾಗನ್‌ಗೆ ತುಂಬಲು ಕೂಲಿ, ಆ ತುದಿಯಲ್ಲಿ ಮತ್ತೆ ಇಳಿಸುವ ಕೂಲಿ, ಮತ್ತೊಂದು ಲಾರಿ. ಇದೆಲ್ಲ ಸೇರಿ ಟನ್‌ಗೆ 600 ರೂಪಾಯಿ ಎನ್ನೋಣ.

300 ಕಿ.ಮೀ. ದೂರಕ್ಕೆ ಲಾರಿಯ ಖರ್ಚು 900 ರೂಪಾಯಿ. ರೈಲಿನದು 450 ಮತ್ತು 600 ಸೇರಿ 1,050 ರೂಪಾಯಿ. ಲಾರಿಯೇ ಗೆದ್ದಿತು. 1,000 ಕಿ.ಮೀ. ಆದರೆ ಲಾರಿಗೆ 3,000, ರೈಲಿಗೆ 2,100. ಈಗ ರೈಲು ಗೆದ್ದಿತು. ಎರಡೂ ಸಮವಾಗುವುದು 400 ಕಿ.ಮೀ.ಗೆ.

ಆ 600 ರೂಪಾಯಿಯನ್ನು ಹೇಗಾದರೂ ಮಾಡಿ 300ಕ್ಕೆ ಇಳಿಸಿದೆವು ಎಂದುಕೊಳ್ಳಿ. ರೈಲಿನ ವೇಗ ಹೆಚ್ಚಿಲ್ಲ, ದರ ಇಳಿದಿಲ್ಲ. ಆದರೂ ಸಮವಾಗುವ ದೂರ 400ರಿಂದ 200 ಕಿ.ಮೀ.ಗೆ ಬಂದುಬಿಡುತ್ತದೆ. ಹತ್ತಿಸಿ ಇಳಿಸುವ ಖರ್ಚು ಅರ್ಧವಾದರೆ, ಅಲ್ಲಿಯವರೆಗೆ ಲಾರಿ ಬಿಟ್ಟು ಬೇರೆ ಗತಿಯಿಲ್ಲದಿದ್ದ ಎಷ್ಟೋ ಊರುಗಳಿಗೆ ರೈಲು ಕೈಗೆಟುಕುತ್ತದೆ. ಹಾಗಾಗಿ ಈ ಕ್ಷೇತ್ರದಲ್ಲಿ ಆಗಿರುವ ದೊಡ್ಡ ಸುಧಾರಣೆಗಳಲ್ಲಿ ಹಲವು ಎಂಜಿನ್ನಿಗಿಂತ ಹೆಚ್ಚಾಗಿ ಹತ್ತಿಸಿ ಇಳಿಸುವ ಕೆಲಸಕ್ಕೆ ಸಂಬಂಧಿಸಿದವು.

ಲಾರಿ ಮಾಲೀಕನ ತಲೆಯಲ್ಲಿ ಹುಟ್ಟಿದ ಪೆಟ್ಟಿಗೆ

ಅವುಗಳಲ್ಲಿ ಎಲ್ಲಕ್ಕಿಂತ ದೊಡ್ಡದು ಕಂಟೇನರ್. ಅದನ್ನು ವ್ಯಾಪಾರದ ಮಟ್ಟಕ್ಕೆ ತಂದದ್ದು ಹಡಗಿನವರಲ್ಲ, ಅಮೆರಿಕದ ಒಬ್ಬ ಲಾರಿ ಮಾಲೀಕ. ಮಾಲ್ಕಂ ಮೆಕ್ಲೀನ್ ನಾರ್ತ್ ಕರೋಲಿನಾದವನು. 1930ರ ದಶಕದ ಆರ್ಥಿಕ ಕುಸಿತದ ದಿನಗಳಲ್ಲಿ ಹಳೆಯ ಲಾರಿಯೊಂದನ್ನು ಇಟ್ಟುಕೊಂಡು ದುಡಿಮೆ ಶುರು ಮಾಡಿದವನು. ಹತ್ತಿಯ ಬೇಲುಗಳನ್ನು ಬಂದರಿಗೆ ತಂದು, ಕೂಲಿಯವರು ಒಂದೊಂದೇ ಬೇಲನ್ನು ಇಳಿಸಿ ಹಡಗಿಗೆ ಏರಿಸುವುದನ್ನು ನೋಡುತ್ತ ದಿನವಿಡೀ ಕಾದದ್ದನ್ನು ಆತ ಮುಂದೆ ನೆನಪಿಸಿಕೊಂಡಿದ್ದಾನೆ. ಲಾರಿಯ ಡಬ್ಬವನ್ನೇ ಎತ್ತಿ ಹಡಗಿನಲ್ಲಿ ಇಟ್ಟರೆ ಆಗದೇ ಎಂಬ ಯೋಚನೆ ಕೈಗೂಡುವಷ್ಟರಲ್ಲಿ ಸುಮಾರು ಇಪ್ಪತ್ತು ವರ್ಷ ಕಳೆದಿತ್ತು. 1956ರ ಏಪ್ರಿಲ್ 26ರಂದು 'ಐಡಿಯಲ್ ಎಕ್ಸ್' ಎಂಬ ಹಡಗು ನ್ಯೂಅರ್ಕ್ ಬಂದರಿನಿಂದ ಹ್ಯೂಸ್ಟನ್‌ಗೆ 58 ಪೆಟ್ಟಿಗೆಗಳನ್ನು ಹೊತ್ತು ಹೊರಟಿತು.

ಬಿಡಿ ಸರಕನ್ನು ಹಡಗಿಗೆ ತುಂಬಲು ಆಗ ಟನ್‌ಗೆ ಸುಮಾರು 6 ಡಾಲರ್ ಬೀಳುತ್ತಿತ್ತು. ಪೆಟ್ಟಿಗೆಯಲ್ಲಿ ಅದು ಸುಮಾರು 16 ಸೆಂಟ್‌ಗೆ ಇಳಿಯಿತು. 1960ರ ದಶಕದ ಕೊನೆಗೆ ಪೆಟ್ಟಿಗೆಯ ಅಳತೆಗೆ ಅಂತರರಾಷ್ಟ್ರೀಯ ಗುಣಮಟ್ಟ ಬಂತು. 8 ಅಡಿ ಅಗಲ, 20 ಅಥವಾ 40 ಅಡಿ ಉದ್ದ, ನಾಲ್ಕು ಮೂಲೆಗಳಲ್ಲಿ ಒಂದೇ ಬಗೆಯ ಉಕ್ಕಿನ ಹಿಡಿ. ಯಾವ ದೇಶದ ಕ್ರೇನ್ ಆದರೂ ಆ ಹಿಡಿಯಲ್ಲಿ ಕೊಂಡಿ ಹಾಕಿ ಎತ್ತಬಹುದು, ಯಾವ ದೇಶದ ಲಾರಿಯಾದರೂ ಬೀಗ ತಿರುಗಿಸಿ ಹೊರಬಹುದು.

ನಮ್ಮ ದೇಶದ ಕಥೆಯಲ್ಲಿ ಬೆಂಗಳೂರಿಗೆ ವಿಶೇಷ ಜಾಗವಿದೆ. ಭಾರತದ ಬಂದರುಗಳಲ್ಲಿ ಸಾಗರದ ಕಂಟೇನರ್ ಮೊದಲು ಇಳಿದದ್ದು 1973ರಲ್ಲಿ, ಕೊಚ್ಚಿಯಲ್ಲಿ. ಅದು ರೈಲಿನ ಮೇಲೆ ಒಳನಾಡಿಗೆ ಮೊದಲು ಬಂದದ್ದು 1981ರಲ್ಲಿ, ಬೆಂಗಳೂರಿಗೆ. ದೇಶದ ಮೊದಲ ಒಳನಾಡು ಕಂಟೇನರ್ ಡಿಪೊ ಶುರುವಾದದ್ದು ನಮ್ಮ ರಾಜಧಾನಿಯಲ್ಲಿ. ಇಂಥ ಡಿಪೊಗಳನ್ನು ನಡೆಸಲು ಕೇಂದ್ರ ಸರ್ಕಾರ ಕಾನ್ಕಾರ್ ಸಂಸ್ಥೆಯನ್ನು ಸ್ಥಾಪಿಸಿದ್ದು 1988ರಲ್ಲಿ. ಈಗ ವೈಟ್‌ಫೀಲ್ಡ್‌ನಲ್ಲಿರುವ ಡಿಪೊವನ್ನು 'ಒಣ ಬಂದರು' ಎಂದೂ ಕರೆಯುತ್ತಾರೆ. ಸಮುದ್ರದಿಂದ ಮುನ್ನೂರು ಕಿ.ಮೀ. ದೂರದಲ್ಲೇ ಕಸ್ಟಮ್ಸ್ ತಪಾಸಣೆ ಮುಗಿಸಿ, ಸೀಲು ಹಾಕಿದ ಪೆಟ್ಟಿಗೆಯನ್ನು ರೈಲಿನಲ್ಲಿ ಚೆನ್ನೈ ಬಂದರಿಗೆ ಕಳಿಸಬಹುದು. ಐ.ಟಿ. ಕಂಪನಿಗಳ ಹೆಸರಿನಿಂದ ನಮಗೆ ಗೊತ್ತಿರುವ ವೈಟ್‌ಫೀಲ್ಡ್‌ನಲ್ಲಿ ಹೀಗೂ ಒಂದು ಲೋಕ ಇದೆ.

ಕಾಫಿ ಬೀಜದ ಪ್ರಯಾಣ

ದೇಶದ ಕಾಫಿಯಲ್ಲಿ ಸುಮಾರು ಶೇ 70ರಷ್ಟು ನಮ್ಮ ಕೊಡಗು, ಚಿಕ್ಕಮಗಳೂರು, ಹಾಸನ ಜಿಲ್ಲೆಗಳದ್ದು. ಅದರ ದೊಡ್ಡ ಗಿರಾಕಿಗಳು ಇಟಲಿ, ಜರ್ಮನಿಯಂಥ ದೇಶಗಳು. ತೋಟದಿಂದ ಪಿಕಪ್ ವಾಹನದಲ್ಲಿ ಕ್ಯೂರಿಂಗ್ ವರ್ಕ್ಸ್‌ಗೆ, ಅಲ್ಲಿಂದ ಲಾರಿಯಲ್ಲಿ ಮಂಗಳೂರು ಅಥವಾ ಕೊಚ್ಚಿ ಬಂದರಿಗೆ, ಹಡಗಿನಲ್ಲಿ ಯುರೋಪಿಗೆ, ಅಲ್ಲಿ ಮತ್ತೆ ರೈಲಿಗೋ ಲಾರಿಗೋ. 20 ಅಡಿಯ ಒಂದು ಕಂಟೇನರ್‌ನಲ್ಲಿ 60 ಕೆ.ಜಿ.ಯ ಸುಮಾರು 320 ಚೀಲ ಹಿಡಿಯುತ್ತದೆ. ಕೈ ಬದಲಾಗುವುದು ಐದಾರು ಸಲ. ಆದರೆ ಬಾಗಿಲಿಗೆ ಸೀಲು ಬಿದ್ದ ಮೇಲೆ, ತಪಾಸಣೆಗೆಂದು ತೆರೆಸದಿದ್ದರೆ, ಚೀಲವನ್ನು ಮುಟ್ಟುವವರು ಕೊಂಡವರ ಕಡೆಯವರೇ.

ಪೆಟ್ಟಿಗೆಗೂ ಅದರದೇ ತೊಂದರೆಗಳಿವೆ. ನಮ್ಮ ಸೆಕೆಯಲ್ಲಿ ಮುಚ್ಚಿದ ಕಂಟೇನರ್ ತಣ್ಣನೆಯ ಸಮುದ್ರ ಸೇರಿದಾಗ ಒಳಗಿನ ತೇವ ಚಾವಣಿಗೆ ಹನಿಗಟ್ಟಿ ಕಾಫಿಯ ಮೇಲೆ ತೊಟ್ಟಿಕ್ಕುತ್ತದೆ. ಒಳಗೋಡೆಗೆ ದಪ್ಪ ಕಾಗದ ಹೊದಿಸಿ, ತೇವ ಹೀರುವ ಚೀಲಗಳನ್ನು ತೂಗು ಹಾಕುವುದು ಇದಕ್ಕೇ.

ತೇವ ಎಂದಾಗ ಒಂದು ಹಳೆಯ ಸ್ವಾರಸ್ಯ ಹೇಳಲೇಬೇಕು. ಹಾಯಿಹಡಗುಗಳ ಕಾಲದಲ್ಲಿ ನಮ್ಮ ಕಾಫಿ ಆಫ್ರಿಕಾ ಖಂಡವನ್ನು ಸುತ್ತಿ ಯುರೋಪ್ ತಲುಪಲು ತಿಂಗಳುಗಟ್ಟಲೆ ಬೇಕಿತ್ತು. ಸಮುದ್ರದ ತೇವಕ್ಕೆ ಬೀಜ ಉಬ್ಬಿ ಹಳದಿಯಾಗಿ ಅದರ ರುಚಿಯೇ ಬದಲಾಗುತ್ತಿತ್ತು. ಆವಿ ಹಡಗು, ಸೂಯೆಜ್ ಕಾಲುವೆ ಬಂದು ಪ್ರಯಾಣ ಚಿಕ್ಕದಾದಾಗ ಗಿರಾಕಿಗಳಿಗೆ ಆ ಹಳೆಯ ರುಚಿಯೇ ಬೇಕಾಯಿತು. ಆದ್ದರಿಂದ ಇಂದಿಗೂ ಕರಾವಳಿಯ ಗೋದಾಮುಗಳಲ್ಲಿ ಮಳೆಗಾಲದ ಗಾಳಿಗೆ ಬೀಜವನ್ನು ಒಡ್ಡಿ 'ಮಾನ್ಸೂನ್ಡ್ ಮಲಬಾರ್' ಕಾಫಿ ತಯಾರಿಸುತ್ತಾರೆ. ಸಾಗಣೆಯ ದೋಷವೇ ಸರಕಿನ ಗುಣವಾಯಿತು!

ಹೊಣೆ ಯಾರದು?

ಇಷ್ಟು ಕೈ ದಾಟಿದ ಸರಕು ದಾರಿಯಲ್ಲಿ ಹಾಳಾದರೆ ಯಾರನ್ನು ಕೇಳುವುದು? ಲಾರಿಯವರು 'ಸರಿಯಾಗಿಯೇ ಕೊಟ್ಟೆವು' ಎನ್ನುತ್ತಾರೆ. ರೈಲಿನವರು ಬಂದರಿನ ಕಡೆ, ಬಂದರಿನವರು ಹಡಗಿನ ಕಡೆ ಬೆರಳು ತೋರಿಸುತ್ತಾರೆ. ಪ್ರತಿ ಹಂತಕ್ಕೂ ಬೇರೆ ಚೀಟಿ. ಲಾರಿಗೆ ಎಲ್.ಆರ್., ರೈಲಿಗೆ ಆರ್.ಆರ್., ಹಡಗಿಗೆ ಬಿಲ್ ಆಫ್ ಲೇಡಿಂಗ್.

ಈ ಗೊಂದಲಕ್ಕಾಗಿಯೇ ಸಂಸತ್ತು 1993ರಲ್ಲಿ ಬಹುಮಾದರಿ ಸರಕು ಸಾಗಣೆ ಕಾಯ್ದೆ ತಂದಿತು. ಅದು ರಫ್ತು ಸರಕಿಗೆ ಸಂಬಂಧಿಸಿದ್ದು. ನೋಂದಾಯಿತ ಸಾಗಣೆದಾರನೊಬ್ಬ ಸರಕನ್ನು ವಹಿಸಿಕೊಂಡು ಒಂದೇ ದಾಖಲೆ ಕೊಡುತ್ತಾನೆ. ನಡುವೆ ಎಷ್ಟು ವಾಹನ ಬದಲಾದರೂ, ಮುಟ್ಟಿಸುವವರೆಗಿನ ಹೊಣೆ ಅವನದೇ. ಹೊರಗೆ ಕಾಣದ ಹಾನಿಯಾಗಿದ್ದರೆ ಸರಕು ಪಡೆದ ಆರು ದಿನದೊಳಗೆ ಬರಹದಲ್ಲಿ ತಿಳಿಸಬೇಕು ಎಂಬಂಥ ಸಣ್ಣ ನಿಯಮಗಳೂ ಅದರಲ್ಲಿವೆ. ಕೆಲಸಕ್ಕೆ ಸೇರುವವರು ಓದಿಕೊಂಡಿರಬೇಕಾದದ್ದು ಇವನ್ನೇ.

ಕಾಗದದ ಬೆಲೆ ಎಷ್ಟೆಂಬುದನ್ನು ತರಬೇತಿಯ ಮೂರನೇ ತಿಂಗಳಲ್ಲಿ ನೋಡಿದೆ. ಒಂದು ಕಾರ್ಖಾನೆಯಿಂದ ಬಂದ ಪಟ್ಟಿಯಲ್ಲಿ ಸೀಲ್ ನಂಬರಿನ ಎರಡು ಅಂಕಿಗಳು ಅದಲುಬದಲಾಗಿದ್ದವು. ಕಂಟೇನರ್ ಸಮಯಕ್ಕೆ ಸರಿಯಾಗಿ ಬಂದರು ಮುಟ್ಟಿತ್ತು, ಸರಕು ಚೆನ್ನಾಗಿಯೇ ಇತ್ತು. ಬಾಗಿಲ ಮೇಲಿನ ಸೀಲಿಗೂ ಕಾಗದಕ್ಕೂ ತಾಳೆಯಾಗಲಿಲ್ಲ. ತಿದ್ದುಪಡಿ ಮಾಡಿಸುವಷ್ಟರಲ್ಲಿ ಹಡಗು ಹೊರಟುಹೋಯಿತು. ಮುಂದಿನ ಹಡಗು ಬರುವವರೆಗೆ ಬಂದರಿನ ಜಾಗಕ್ಕೂ ಪೆಟ್ಟಿಗೆಗೂ ದಿನದ ಲೆಕ್ಕದಲ್ಲಿ ಬಾಡಿಗೆ ಏರುತ್ತಲೇ ಇತ್ತು. ಇಷ್ಟಕ್ಕೂ ಕಾರಣ ಎರಡು ಅಂಕಿ.

ಅಣ್ಣನ ಪ್ರಶ್ನೆ

ನಮ್ಮಣ್ಣ ಲಾರಿ ಓಡಿಸುತ್ತಾನೆ. ಹಾಸನದಿಂದ ಶಿರಾಡಿ ಘಾಟ್ ಇಳಿದು ಮಂಗಳೂರು, ಕೆಲವೊಮ್ಮೆ ಮುಂಬೈ. ರೈಲು, ಕಂಟೇನರ್ ಎಂದು ನಾನು ಮನೆಯಲ್ಲಿ ಉತ್ಸಾಹದಿಂದ ಹೇಳುತ್ತಿದ್ದಾಗ ಅವನು ಊಟ ಮಾಡುತ್ತಲೇ ಕೇಳಿದ: "ಎಲ್ಲಾ ರೈಲಿಗೆ ಹಾಕಿದ್ರೆ ನಾವೇನ್ ಮಾಡೋದು?"

ಈ ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ. ಕಂಟೇನರ್ ಬಂದ ಮೇಲೆ ನ್ಯೂಯಾರ್ಕ್, ಲಂಡನ್ ಬಂದರುಗಳಲ್ಲಿ ಸಾವಿರಾರು ಕೂಲಿಗಳ ಕೆಲಸ ಹೋಯಿತು. ಹಡಗುಕಟ್ಟೆಯ ಸುತ್ತ ಬೆಳೆದಿದ್ದ ಬಡಾವಣೆಗಳೇ ಖಾಲಿಯಾದವು. ನಮ್ಮಲ್ಲೂ ಗೂಡ್ಸ್ ಶೆಡ್, ಎ.ಪಿ.ಎಂ.ಸಿ. ಅಂಗಳಗಳಲ್ಲಿ ಮೂಟೆ ಹೊರುವ ಹಮಾಲಿಗಳಿದ್ದಾರೆ. ಮೂಟೆಯನ್ನು ಮುಟ್ಟದೆ ಸಾಗಿಸುವುದೇ ಗೆಲುವು ಎಂದು ನಾವು ಹೇಳುವಾಗ, ಮೂಟೆ ಮುಟ್ಟಿಯೇ ಬದುಕುವವರ ನಷ್ಟವೂ ಆ ಮಾತಿನೊಳಗೆ ಇದೆ. ಅವರ ಮಕ್ಕಳಿಗೆ ಅದೇ ಅಂಗಳದ ಹೊಸ ಕೆಲಸಗಳಲ್ಲಿ ಜಾಗ ಸಿಗದಿದ್ದರೆ ಅಗ್ಗದ ಸಾಗಣೆಯ ಬೆಲೆ ತೆತ್ತವರು ಅವರೇ ಆಗುತ್ತಾರೆ.

ಲಾರಿಯ ವಿಷಯ ಸ್ವಲ್ಪ ಬೇರೆ. ರೈಲು ಎಷ್ಟೇ ಬೆಳೆದರೂ ಅಂಗಡಿಯ ಬಾಗಿಲಿಗೆ ಬರುವುದಿಲ್ಲ. ಮೊದಲ ನಲವತ್ತು ಕಿ.ಮೀ., ಕೊನೆಯ ನಲವತ್ತು ಕಿ.ಮೀ. ಲಾರಿಯದೇ. ಬದಲಾಗುವುದು ಡ್ರೈವರ್‌ನ ದಿನಚರಿ. ವಾರಗಟ್ಟಲೆ ಮನೆ ಬಿಟ್ಟು, ನಿದ್ದೆಗೆಟ್ಟು ಮುಂಬೈಗೆ ಹೋಗುವ ಬದಲು ಡಿಪೊಗೂ ಕಾರ್ಖಾನೆಗೂ ನಡುವೆ ದಿನಕ್ಕೆ ಎರಡು ಟ್ರಿಪ್. ಅಣ್ಣ ಒಪ್ಪಿದನೆಂದು ಹೇಳಲಾರೆ. "ದೂರದ ಟ್ರಿಪ್ಪಿನಲ್ಲೇ ಭತ್ಯೆ ಜಾಸ್ತಿ ಸಿಗೋದು, ಸಣ್ಣ ಟ್ರಿಪ್ಪಿಗೆ ಏನು ಸಿಗುತ್ತೆ ಹೇಳು," ಎಂದ. ಅದಕ್ಕೆ ಉತ್ತರ ಕೊಡಬೇಕಾದವರು ಬಾಡಿಗೆ ಗೊತ್ತು ಮಾಡುವವರು.

ದಾರಿ ಇನ್ನೂ ದೂರ

ಸ್ವಾತಂತ್ರ್ಯ ಬಂದ ಹೊಸತರಲ್ಲಿ ದೇಶದ ಬಹುಪಾಲು ಸರಕು ರೈಲಿನಲ್ಲೇ ಹೋಗುತ್ತಿತ್ತು. ಈಗ ಅರ್ಧಕ್ಕಿಂತ ಹೆಚ್ಚು ರಸ್ತೆಯಲ್ಲಿದೆ. 2030ರ ಹೊತ್ತಿಗೆ ರೈಲಿನ ಪಾಲನ್ನು ಶೇ 45ಕ್ಕೆ ಏರಿಸಬೇಕೆಂಬುದು ರಾಷ್ಟ್ರೀಯ ರೈಲು ಯೋಜನೆಯ ಗುರಿ. 2021ರ ಅಕ್ಟೋಬರ್‌ನಲ್ಲಿ ಪಿ.ಎಂ. ಗತಿಶಕ್ತಿ, 2022ರ ಸೆಪ್ಟೆಂಬರ್‌ನಲ್ಲಿ ರಾಷ್ಟ್ರೀಯ ಲಾಜಿಸ್ಟಿಕ್ಸ್ ನೀತಿ ಬಂದವು. ಸರಕಿಗೇ ಮೀಸಲಾದ ರೈಲು ಮಾರ್ಗಗಳು ಉತ್ತರ ಮತ್ತು ಪಶ್ಚಿಮ ಭಾರತದಲ್ಲಿ ತಲೆಯೆತ್ತಿವೆ. ಪಶ್ಚಿಮದ ಮಾರ್ಗದಲ್ಲಿ ಒಂದರ ಮೇಲೊಂದು ಕಂಟೇನರ್ ಹೊತ್ತ ವಿದ್ಯುತ್ ರೈಲುಗಳು ಓಡುತ್ತಿವೆ.

ನಮ್ಮ ರಾಜ್ಯದ ಕಷ್ಟ ಘಾಟಿಯದು. ಬಂದರು ಕೆಳಗೆ, ತೋಟ, ಕಾರ್ಖಾನೆಗಳು ಮೇಲೆ. ನಡುವೆ ಸಕಲೇಶಪುರ-ಸುಬ್ರಹ್ಮಣ್ಯ ರಸ್ತೆ ನಿಲ್ದಾಣಗಳ 55 ಕಿ.ಮೀ. ಹಳಿ. 50 ಮೀಟರ್ ಸಾಗುವಷ್ಟರಲ್ಲಿ ಒಂದು ಮೀಟರ್ ಏರುವ ಕಡಿದಾದ ದಾರಿ, 57 ಸುರಂಗ. ಸರಕು ರೈಲನ್ನು ಹತ್ತಿಸಲು ಹೆಚ್ಚುವರಿ ಎಂಜಿನ್‌ಗಳು ಬೇಕು. ಜೋರು ಮಳೆಗಾಲದಲ್ಲಿ ಗುಡ್ಡ ಕುಸಿದರೆ ಶಿರಾಡಿಯ ರಸ್ತೆಯೂ ಈ ಹಳಿಯೂ ಬಂದ್ ಆಗುವುದುಂಟು. ಆಗ ಯಾವ ಸರಕನ್ನು ಚೆನ್ನೈ ಕಡೆಗೆ ತಿರುಗಿಸಬೇಕು, ಯಾವುದನ್ನು ಕಾಯಿಸಬೇಕು, ಯಾವುದಕ್ಕೆ ಚಾರ್ಮಾಡಿ ದಾರಿ ಆದೀತು ಎಂದು ರಾತ್ರೋರಾತ್ರಿ ಲೆಕ್ಕ ಹಾಕಬಲ್ಲವರು ಬೇಕು. ಈ ಕೆಲಸಕ್ಕೆ ಸಾಫ್ಟ್‌ವೇರ್ ನೆರವಾಗುತ್ತದೆ, ಆದರೆ ಊರು, ದಾರಿ, ಮಳೆ ಗೊತ್ತಿರುವ ಮನುಷ್ಯನೂ ಬೇಕು.

ಎಲ್ಲಿಂದ ಶುರು ಮಾಡುವುದು?

ಈ ಕ್ಷೇತ್ರಕ್ಕೆ ಎಂ.ಬಿ.ಎ. ಇದ್ದರೇ ಪ್ರವೇಶ ಎಂಬ ಭಾವನೆ ನಮ್ಮಲ್ಲಿ ಅನೇಕರಿಗಿದೆ. ಹಾಗೇನಿಲ್ಲ. ಸರಕು ರವಾನೆ ಕಚೇರಿಯ ದಾಖಲೆ ವಿಭಾಗಕ್ಕೆ ಬಿ.ಕಾಂ., ಬಿ.ಎ. ಮಾಡಿದವರೂ ಸೇರುತ್ತಾರೆ. ಕಸ್ಟಮ್ಸ್ ಬ್ರೋಕರ್ ಕಚೇರಿಯಲ್ಲಿ ಕೆಲಸ ಮಾಡುತ್ತಲೇ 'ಜಿ ಕಾರ್ಡ್' ಪರೀಕ್ಷೆ ಬರೆಯಬಹುದು. ಅನುಭವವಾದ ಮೇಲೆ ಸ್ವಂತ ಪರವಾನಗಿಯ ಪರೀಕ್ಷೆಯೂ ಇದೆ. ಐ.ಟಿ.ಐ., ಡಿಪ್ಲೊಮಾ ಮಾಡಿದವರಿಗೆ ಕಂಟೇನರ್ ಎತ್ತುವ ಯಂತ್ರ ನಡೆಸುವ, ತಂಪು ಕಂಟೇನರ್ ರಿಪೇರಿ ಮಾಡುವ ಕೆಲಸಗಳಿವೆ. ಓದು ಮುಂದುವರಿಸುವವರಿಗೆ ವಡೋದರದಲ್ಲಿ ಸಾರಿಗೆ, ಲಾಜಿಸ್ಟಿಕ್ಸ್‌ಗೆಂದೇ ಗತಿಶಕ್ತಿ ಕೇಂದ್ರೀಯ ವಿಶ್ವವಿದ್ಯಾಲಯ ಇದೆ.

ಹೊಗಳಿಕೆಯಷ್ಟನ್ನೇ ಹೇಳಿದರೆ ತಪ್ಪಾದೀತು. ಆರಂಭದ ಸಂಬಳ ಕಡಿಮೆ. ಹಡಗಿನ ಗಡುವಿಗೆ ಭಾನುವಾರ, ಹಬ್ಬ ಎಂಬುದಿಲ್ಲ. ರಾತ್ರಿ ಹನ್ನೊಂದಕ್ಕೂ ಫೋನ್ ಬರುತ್ತದೆ. ಮೊದಲ ವರ್ಷ ಇನ್ನೊಬ್ಬರ ಕಾಗದ ತಾಳೆ ನೋಡುವುದರಲ್ಲೇ ಕಳೆಯುತ್ತದೆ. ಇದನ್ನು ತಡೆದುಕೊಂಡವರಿಗೆ ಎರಡನೇ ವರ್ಷದಿಂದ ದಾರಿ ಕಾಣುತ್ತದೆ ಎಂದು ನಮ್ಮ ಕಚೇರಿಯ ಹಿರಿಯರು ಹೇಳುತ್ತಿದ್ದರು.

ಖರ್ಚಿಲ್ಲದೆ ನಾಳೆಯೇ ಮಾಡಬಹುದಾದ ಒಂದು ಅಭ್ಯಾಸವಿದೆ. ಹೆದ್ದಾರಿಯಲ್ಲಿ ಕಂಟೇನರ್ ಲಾರಿ ಕಂಡಾಗ ಅದರ ಹಿಂಬಾಗಿಲು ನೋಡಿ. ನಾಲ್ಕು ಇಂಗ್ಲಿಷ್ ಅಕ್ಷರ, ಆರು ಅಂಕಿ, ಕೊನೆಗೆ ಚೌಕದೊಳಗೆ ಇನ್ನೊಂದು ಅಂಕಿ ಇರುತ್ತದೆ. ಮೊದಲ ಮೂರು ಅಕ್ಷರ ಪೆಟ್ಟಿಗೆಯ ಮಾಲೀಕರ ಗುರುತು. ನಂತರದ ಆರು ಅಂಕಿ ಪೆಟ್ಟಿಗೆಯ ಕ್ರಮಸಂಖ್ಯೆ. ಚೌಕದೊಳಗಿನದು ತಪಾಸಣೆಯ ಅಂಕಿ. ಅದರ ಹಿಂದಿನ ಹತ್ತು ಅಕ್ಷರ, ಅಂಕಿಗಳನ್ನು ಒಂದು ಸೂತ್ರದ ಪ್ರಕಾರ ಗುಣಿಸಿ, ಕೂಡಿ, 11ರಿಂದ ಭಾಗಿಸಿದರೆ ಆ ಅಂಕಿ ಬರಬೇಕು. ಬರಲಿಲ್ಲವೆಂದರೆ ನಂಬರ್ ಬರೆದುಕೊಳ್ಳುವಾಗ ಎಲ್ಲೋ ಎಡವಟ್ಟಾಗಿದೆ ಎಂದು ಅರ್ಥ. ಆ ಸೂತ್ರವನ್ನು ಹುಡುಕಿ, ಹತ್ತು ಕಂಟೇನರ್‌ಗಳ ನಂಬರ್ ಬರೆದುಕೊಂಡು ಲೆಕ್ಕ ಮಾಡಿ ನೋಡಿ. ಸಂದರ್ಶನದಲ್ಲಿ 'ಲಾಜಿಸ್ಟಿಕ್ಸ್ ಬಗ್ಗೆ ನಿಮಗೇನು ಗೊತ್ತು' ಎಂದು ಕೇಳಿದರೆ ಹೇಳಲು ನಿಮ್ಮ ಬಳಿ ಕೈಯಾರೆ ಮಾಡಿ ನೋಡಿದ ಒಂದು ಸಂಗತಿ ಇರುತ್ತದೆ.